ಕುಡಿಯದೆ ಬಂದವರನ್ನೂ ಬಾಗಿಲಲ್ಲೇ ತಡೆದಾಗ

ಬಾರ್ ಮತ್ತು ನೈಟ್‌ಕ್ಲಬ್‌ಗಳ ಬಾಗಿಲಲ್ಲಿ ಹತ್ತೊಂಬತ್ತು ವರ್ಷ ನಿಂತವನು ನಾನು. ಈಗ ಅಲ್ಲಿ ನಿಲ್ಲುವವರಿಗೆ ತರಬೇತಿ ಕೊಡುತ್ತೇನೆ. 'ಹೀಗೊಂದು ವಿಚಿತ್ರ ಕಾರಣ ಹೇಳಿ ಒಳಗೆ ಬಿಡಲಿಲ್ಲ' ಎಂಬ ಪತ್ರಗಳು ಬರುತ್ತಲೇ ಇರುತ್ತವೆ. ಬರೆಯುವವರು ಬೇರೆ ಬೇರೆ, ಪ್ರಶ್ನೆಗಳು ಮಾತ್ರ ಅವೇ ನಾಲ್ಕೈದು. ವಯಸ್ಸಾಗಿರಬೇಕು, ಐಡಿ ಜೊತೆಗಿರಬೇಕು, ಸಾಲು ಮುರಿಯಬಾರದು ಎಂಬುದನ್ನೆಲ್ಲ ಇಲ್ಲಿ ಹೇಳುತ್ತ ಕೂರುವುದಿಲ್ಲ. ಈ ಸಲ ಒಂದು ಪತ್ರಕ್ಕೆ ಹೆಚ್ಚು ಜಾಗ ಬೇಕು. ಉಳಿದವಕ್ಕೆ ಚುಟುಕಾಗಿ ಉತ್ತರಿಸುತ್ತೇನೆ.

ಷೂ ಸರಿಯಿಲ್ಲ ಎಂದು ವಾಪಸ್ ಕಳಿಸಿದರು. ಅಂಥದೇ ಷೂ ಹಾಕಿದ್ದ ಇನ್ನೊಬ್ಬ ನನ್ನ ಕಣ್ಣೆದುರೇ ಒಳಗೆ ಹೋದ. ಇದ್ಯಾವ ನ್ಯಾಯ ಸರ್?

ನಿಮ್ಮನ್ನು ತಡೆದದ್ದು ಷೂಗಾಗಿ ಅಲ್ಲ. ಸಾಲಿನಲ್ಲಿದ್ದಾಗ ನೀವೋ ನಿಮ್ಮ ಜೊತೆಗಾರರೋ ಯಾರನ್ನಾದರೂ ತಳ್ಳಿರಬಹುದು, ಮುಂದೆ ನಿಂತ ಹುಡುಗಿಯರನ್ನು ಕೆಣಕಿರಬಹುದು. ಬಾಗಿಲಿಗೆ ಬರುವ ಮೊದಲೇ ನಿಮ್ಮ ವಿಷಯ ತೀರ್ಮಾನವಾಗಿರುತ್ತದೆ. ನಿಜ ಹೇಳಿದರೆ ಜಗಳವಾಗುತ್ತದೆ, ಷೂ ಎಂದರೆ ಮಾತು ಅಲ್ಲಿಗೇ ಮುಗಿಯುತ್ತದೆ ಎಂಬುದು ಬೌನ್ಸರ್‌ಗಳ ಲೆಕ್ಕ. ನನಗೆ ಈ ರೂಢಿ ಹಿಡಿಸುವುದಿಲ್ಲ. ಮೈಬಣ್ಣ ನೋಡಿ ತಡೆಯುವವರೂ ಇದೇ ಷೂವಿನ ಮರೆಯಲ್ಲಿ ಬಚ್ಚಿಟ್ಟುಕೊಳ್ಳುತ್ತಾರೆ. ಅಂಥ ಅನುಮಾನ ಬಂದರೆ ಅಲ್ಲಿ ಕೂಗಾಡಬೇಡಿ. ದಿನಾಂಕ, ಗಂಟೆ, ಅವರು ಆಡಿದ ಮಾತು, ನಿಮ್ಮ ಹಿಂದೆಮುಂದೆ ಯಾರನ್ನು ಬಿಟ್ಟರು ಎಂಬುದನ್ನು ಆಗಲೇ ಬರೆದಿಟ್ಟುಕೊಂಡು ಲಿಖಿತ ದೂರು ಕೊಡಿ. ಬ್ರಿಟನ್ನಿನಲ್ಲಾದರೆ ಬೌನ್ಸರ್‌ಗಳು ತಮ್ಮ ಲೈಸೆನ್ಸ್ ಕಾರ್ಡನ್ನು ಎಲ್ಲರಿಗೂ ಕಾಣುವಂತೆ ಧರಿಸಲೇಬೇಕು. ಅದರ ನಂಬರ್ ಗುರುತು ಹಾಕಿಕೊಳ್ಳಿ.

ಬರ್ಲಿನ್ನಿನ ನೈಟ್‌ಕ್ಲಬ್ ಬರ್ಗ್‌ಹೈನ್‌ಗೆ ಹೋಗುವ ಆಸೆ. ಕಪ್ಪು ಬಟ್ಟೆ ಹಾಕಿ, ನಗಬೇಡಿ, ಇಬ್ಬರಿಗಿಂತ ಹೆಚ್ಚು ಜನ ಹೋಗಬೇಡಿ ಎನ್ನುತ್ತಾರೆ. ಒಳಗೆ ಹೋಗುವ ಗುಟ್ಟು ಹೇಳಿಕೊಡುತ್ತೇವೆ ಎನ್ನುವವರಿಗೆ ಹಣ ಕೊಡಬಹುದೇ?

ಒಂದು ಕಾಸೂ ಕೊಡಬೇಡಿ. ಹಳೆಯ ವಿದ್ಯುತ್ ಸ್ಥಾವರದ ಕಟ್ಟಡದಲ್ಲಿ 2004ರಲ್ಲಿ ಶುರುವಾದ ಕ್ಲಬ್ಬು ಅದು. ಅಲ್ಲಿನ ಬಾಗಿಲಿಗೆ ಹೆಸರು ತಂದ ಬೌನ್ಸರ್ ಸ್ವೆನ್ ಮಾರ್ಕ್ವಾರ್ಟ್ ಛಾಯಾಗ್ರಾಹಕರೂ ಹೌದು. ಮನುಷ್ಯರ ಮುಖ ನೋಡುವುದೇ ಅವರ ಕಸುಬು. ಆ ಕಣ್ಣಿಗೆ ಏನು ಹಿಡಿಸುತ್ತದೆ ಎಂದು ಮಾರಾಟಕ್ಕೆ ಇಟ್ಟವರು ಮೋಸಗಾರರು. 1977ರ ಕೊನೆಯ ರಾತ್ರಿ ನ್ಯೂಯಾರ್ಕಿನ ಸ್ಟುಡಿಯೊ 54 ಕ್ಲಬ್ಬಿಗೆ ಗಾಯಕಿ ಗ್ರೇಸ್ ಜೋನ್ಸ್ ಕರೆದರೆಂದು ಹೋದ ನೈಲ್ ರಾಡ್ಜರ್ಸ್ ಮತ್ತು ಬರ್ನಾರ್ಡ್ ಎಡ್ವರ್ಡ್ಸ್ ಎಂಬ ಸಂಗೀತಗಾರರು ಬಾಗಿಲಿಂದಲೇ ಹಿಂತಿರುಗಬೇಕಾಯಿತು. ಮನೆಗೆ ಹೋಗಿ ಅದೇ ಸಿಟ್ಟಿನಲ್ಲಿ ಕಟ್ಟಿದ ಹಾಡು ಮುಂದಿನ ವರ್ಷ ಅಮೆರಿಕದಲ್ಲಿ ಮೊದಲ ಸ್ಥಾನಕ್ಕೇರಿತು. ಸ್ವತಃ ಡಿಸ್ಕೊ ಸಂಗೀತಗಾರರ ಪಾಡೇ ಹೀಗಿದ್ದಾಗ ಕಪ್ಪು ಅಂಗಿಯೊಂದನ್ನು ನಂಬಿ ಹೋಗುತ್ತೀರಾ?

ನನಗೆ ಮಲ್ಟಿಪಲ್ ಸ್ಕ್ಲಿರೋಸಿಸ್ ಎಂಬ ನರದ ಕಾಯಿಲೆ ಇದೆ. ಸುಸ್ತಾದರೆ ನಡಿಗೆ ವಾಲುತ್ತದೆ, ನಾಲಿಗೆ ತೊದಲುತ್ತದೆ. ಗೆಳತಿಯ ಹುಟ್ಟುಹಬ್ಬಕ್ಕೆಂದು ಹೋದರೆ ಬಾಗಿಲಲ್ಲಿ ಎಲ್ಲರೆದುರು 'ನೀವು ಆಗಲೇ ಸಾಕಷ್ಟು ಕುಡಿದಿದ್ದೀರಿ, ಮನೆಗೆ ಹೋಗಿ' ಎಂದರು. ನಾನು ಒಂದು ಹನಿಯೂ ಮುಟ್ಟಿರಲಿಲ್ಲ. ಅತ್ತುಕೊಂಡು ಮನೆಗೆ ಬಂದೆ. ನಾನೇನು ಮಾಡಬೇಕಿತ್ತು?

ನಿಮ್ಮದೇನೂ ತಪ್ಪಿಲ್ಲಮ್ಮ. ಇದನ್ನು ಮೊದಲು ಹೇಳಿಬಿಡುತ್ತೇನೆ, ಯಾಕೆಂದರೆ ಇಂಥ ಪತ್ರ ಬರೆಯುವವರೆಲ್ಲ 'ನಾನೇನು ಮಾಡಬೇಕಿತ್ತು' ಎಂದೇ ಕೇಳುತ್ತಾರೆ. ಮಾಡಬೇಕಿದ್ದುದು ಬಾಗಿಲಲ್ಲಿದ್ದವನು.

ಅವನ ಭಯ ಎಲ್ಲಿಂದ ಬರುತ್ತದೆ ಎಂಬುದು ನಿಮಗೆ ತಿಳಿದಿರಲಿ. ಅಮಲೇರಿದವರಿಗೆ ಮತ್ತೆ ಮದ್ಯ ಕೊಡುವುದು ಅನೇಕ ದೇಶಗಳಲ್ಲಿ ಅಪರಾಧ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2003ರ ಲೈಸೆನ್ಸಿಂಗ್ ಕಾಯ್ದೆಯ 141ನೇ ಸೆಕ್ಷನ್ ಇರುವುದೇ ಅದಕ್ಕೆ. ಬಾರಿನ ಲೈಸೆನ್ಸ್‌ಗೆ ಕುತ್ತು ಬಂದೀತೆಂದು ಮಾಲೀಕರು 'ಅನುಮಾನ ಬಂದರೆ ತಡೆದುಬಿಡು' ಎಂದು ಹೊಸ ಹುಡುಗರಿಗೆ ಹೇಳಿಟ್ಟಿರುತ್ತಾರೆ. ಇನ್ನು ಅಮಲನ್ನು ಗುರುತಿಸುವುದು ಹೇಗೆ? ನ್ಯೂಜಿಲೆಂಡಿನ 2012ರ ಮದ್ಯ ಕಾಯ್ದೆ ನಾಲ್ಕು ಲಕ್ಷಣ ಹೇಳುತ್ತದೆ: ತೋರಿಕೆ, ವರ್ತನೆ, ಕೈಕಾಲಿನ ಹಿಡಿತ, ಮಾತು. ಇವುಗಳಲ್ಲಿ ಎರಡಾದರೂ ಕೆಟ್ಟಿರಬೇಕು. ಆದರೆ ಅದು ಮದ್ಯದಿಂದಲೋ ಬೇರೆ ಅಮಲು ಪದಾರ್ಥದಿಂದಲೋ ಆಗಿರಬೇಕು ಎಂಬ ಮಾತು ಆ ವಾಕ್ಯದ ಮೊದಲಲ್ಲೇ ಇದೆ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನ 2007ರ ಕಾಯ್ದೆಯೂ ಹಾಗೆಯೇ: ಮದ್ಯದಿಂದಲೇ ಹೀಗಾಗಿದೆ ಎಂದು ನಂಬಲು ತಕ್ಕ ಆಧಾರ ಇರಬೇಕು ಎನ್ನುತ್ತದೆ. ಅರ್ಧ ದಿನದ ತರಬೇತಿಯಲ್ಲಿ ವಾಕ್ಯದ ಮೊದಲ ಭಾಗ ಉದುರಿಹೋಗಿ ನಾಲ್ಕು ಲಕ್ಷಣ ಮಾತ್ರ ತಲೆಯಲ್ಲಿ ಉಳಿಯುತ್ತವೆ. ನಿಮ್ಮನ್ನು ತಡೆದವನಿಗೆ ಆಗಿದ್ದೂ ಇದೇ ಇರಬೇಕು.

ನಡಿಗೆಯ ಸಮತೋಲ, ಕೈಯ ಗುರಿ, ನಾಲಿಗೆಯ ಹಿಡಿತ ಇವನ್ನೆಲ್ಲ ನೋಡಿಕೊಳ್ಳುವುದು ಕಿರುಮೆದುಳು. ಮದ್ಯ ಅದನ್ನು ಮಂಕಾಗಿಸುತ್ತದೆ. ಮಲ್ಟಿಪಲ್ ಸ್ಕ್ಲಿರೋಸಿಸ್ ಕೂಡ ಅಲ್ಲಿನ ನರಗಳ ಹೊದಿಕೆಯನ್ನು ಸವೆಸಬಲ್ಲದು. ಏಟು ಬಿದ್ದ ಜಾಗ ಒಂದೇ ಆದ ಮೇಲೆ ಹೊರಗೆ ಕಾಣುವುದೂ ಒಂದೇ ಥರ ಇರುತ್ತದೆ. ಬರೀ ನಡಿಗೆ ನೋಡಿ ಹತ್ತು ಸೆಕೆಂಡಿನಲ್ಲಿ ಇದು ಅಮಲು, ಇದು ಕಾಯಿಲೆ ಎಂದು ಬೇರ್ಪಡಿಸಲು ವೈದ್ಯರಿಗೂ ಆಗುವುದಿಲ್ಲ. 'ನನ್ನ ಕಣ್ಣು ತಪ್ಪುವುದಿಲ್ಲ' ಎನ್ನುವ ಬೌನ್ಸರ್‌ಗಳನ್ನು ನಾನು ತರಗತಿಯ ಮೊದಲ ಸಾಲಿನಲ್ಲಿ ಕೂರಿಸುತ್ತೇನೆ. ಪಾರ್ಕಿನ್ಸನ್ಸ್, ಸೆರೆಬ್ರಲ್ ಪಾಲ್ಸಿ, ತಲೆಗೆ ಬಿದ್ದ ಹಳೆಯ ಪೆಟ್ಟು, ಒಳಕಿವಿಯ ತೊಂದರೆಯಿಂದ ಬರುವ ತಲೆಸುತ್ತು, ಹುಟ್ಟಿನಿಂದಲೇ ಜೋತುಬಿದ್ದ ಕಣ್ರೆಪ್ಪೆ, ಕಿವಿ ಕೇಳದವರ ಉಚ್ಚಾರ: ಇವರೆಲ್ಲರೂ ಆ ನಾಲ್ಕು ಲಕ್ಷಣಗಳ ಬಲೆಗೆ ಬೀಳುತ್ತಾರೆ.

ನನ್ನ ಕಣ್ಣೂ ತಪ್ಪಿದೆ. ಕೆಲಸಕ್ಕೆ ಸೇರಿದ ನಾಲ್ಕನೆಯ ವರ್ಷ, ಒಂದು ಮಳೆಯ ರಾತ್ರಿ. ಯುವಕನೊಬ್ಬ ಬೆವೆತು ನೀರಾಗಿ ಬಂದ. ಜೇಬಿನಿಂದ ಐಡಿ ತೆಗೆಯಲು ಬೆರಳು ಕೇಳುತ್ತಿರಲಿಲ್ಲ. ಏನೋ ಕೇಳಿದರೆ ಇನ್ನೇನೋ ಹೇಳಿದ, ರೇಗಿದ. ನಾಲ್ಕಕ್ಕೆ ನಾಲ್ಕೂ ಲಕ್ಷಣ. ನಾನು ಪಕ್ಕಕ್ಕೆ ಕೈ ತೋರಿಸಿ ಕಳಿಸಿದೆ. ಗಾಡಿ ನಿಲ್ಲಿಸಲು ಹೋಗಿದ್ದ ಅವನ ಅಣ್ಣ ಬಂದು ನೋಡುವಾಗ ಅವನು ಗೋಡೆಗೊರಗಿ ಕುಸಿದಿದ್ದ. ಶುಗರ್ ಇಳಿದುಹೋಗಿತ್ತು. ಇನ್ಸುಲಿನ್ ತೆಗೆದುಕೊಂಡು ಊಟ ತಡಮಾಡಿದ್ದನಂತೆ. ಅಣ್ಣ ಸಿಹಿ ಪಾನೀಯ ಕುಡಿಸಿದ, ಕಾಲು ಗಂಟೆಯಲ್ಲಿ ಹುಡುಗ ಸರಿಹೋದ. ಅಣ್ಣ ಬರುವುದು ಇನ್ನಷ್ಟು ತಡವಾಗಿದ್ದರೆ ಏನಾಗುತ್ತಿತ್ತು ಎಂಬುದು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಅಂದಿನಿಂದ ಒಂದು ಪ್ರಶ್ನೆ ಕೇಳದೆ ಯಾರನ್ನೂ ಅಮಲಿನ ಕಾರಣಕ್ಕೆ ತಡೆದಿಲ್ಲ: 'ನಿಮ್ಮ ಆರೋಗ್ಯದ ಬಗ್ಗೆ ನನಗೆ ತಿಳಿದಿರಬೇಕಾದ್ದು ಏನಾದರೂ ಇದೆಯಾ?' ಪಕ್ಕಕ್ಕೆ ಕರೆದು, ತಗ್ಗಿದ ದನಿಯಲ್ಲಿ ಕೇಳಬೇಕು.

ಈ ಕಾಲಂ ಓದುವ ಬೌನ್ಸರ್‌ಗಳಿಗೆ ಎರಡು ಮಾತು. ಗೆರೆ ಎಳೆದು ಅದರ ಮೇಲೆ ನಡೆಸುವುದು, ಒಂಟಿ ಕಾಲಲ್ಲಿ ನಿಲ್ಲಿಸುವುದು, ಮೂಗು ಮುಟ್ಟಿಸುವುದು ಬಿಡಿ. ಇವೆಲ್ಲ ಕಿರುಮೆದುಳಿನ ಪರೀಕ್ಷೆಗಳೇ. ಕಾಯಿಲೆಯವರು ಕುಡಿಯದೆಯೂ ಇದರಲ್ಲಿ ಸೋಲುತ್ತಾರೆ. ಉಚ್ಚಾರ ತೊದಲುತ್ತಿದ್ದರೂ ಮಾತಿನ ಅರ್ಥ ನೆಟ್ಟಗಿದೆಯಾ ಎಂದು ಕೇಳಿಸಿಕೊಳ್ಳಿ. ಜೊತೆಗಿದ್ದವರನ್ನು ವಿಚಾರಿಸಿ. ವಾಸನೆಯೊಂದನ್ನೇ ನಂಬಬೇಡಿ: ಸಕ್ಕರೆ ಕಾಯಿಲೆ ವಿಪರೀತಕ್ಕೆ ಹೋದಾಗ ಉಸಿರಿಗೆ ಅಸಿಟೋನಿನ ಸಿಹಿ ಘಾಟು ಬರುತ್ತದೆ, ಅದನ್ನು ಮದ್ಯವೆಂದುಕೊಂಡವರಿದ್ದಾರೆ. ಮುಖದ ಒಂದು ಬದಿ ಇದ್ದಕ್ಕಿದ್ದಂತೆ ಜೋತುಬಿದ್ದು, ಒಂದು ತೋಳು ಎತ್ತಲಾಗದೆ ಮಾತು ಕೆಟ್ಟಿದ್ದರೆ ಅದು ಲಕ್ವ. ಒಳಗೆ ಬಿಡಬೇಕೋ ಬೇಡವೋ ಎಂದು ಯೋಚಿಸುವ ಹೊತ್ತಲ್ಲ ಅದು, ಆಂಬುಲೆನ್ಸ್ ಕರೆಯಿರಿ.

ಪತ್ರ ಬರೆದ ನಿಮಗೆ ಹೇಳುವುದಿಷ್ಟು. ಮುಂದಿನ ಸಲ ಹೋಗುವ ಮುನ್ನ ಫೋನ್ ಮಾಡಿ, ಯಾರ ಜೊತೆ ಮಾತಾಡಿದಿರೋ ಅವರ ಹೆಸರು ಕೇಳಿಟ್ಟುಕೊಳ್ಳಿ. ಸಾಲಿನ ತುದಿ ತಲುಪಿದ ಕೂಡಲೇ, ಅವರು ಬಾಯಿ ತೆರೆಯುವ ಮೊದಲು, 'ನನಗೊಂದು ನರದ ಕಾಯಿಲೆ ಇದೆ, ನಡಿಗೆ ಮತ್ತು ಮಾತು ಹೀಗೇ ಇರುತ್ತವೆ' ಎಂದುಬಿಡಿ. ತಡೆದ ಮೇಲೆ ಹೇಳಿದರೆ ನೆಪ ಹೇಳುತ್ತಿದ್ದೀರಿ ಎಂದುಕೊಳ್ಳುತ್ತಾರೆ. ವೈದ್ಯರಿಂದ ಎರಡು ಸಾಲಿನ ಚೀಟಿ ಬರೆಸಿಕೊಂಡು ಐಡಿಯ ಜೊತೆ ಇಟ್ಟುಕೊಳ್ಳಿ. ಹಸಿರು ಪಟ್ಟಿಯ ಮೇಲೆ ಸೂರ್ಯಕಾಂತಿ ಹೂಗಳಿರುವ ಕೊರಳಪಟ್ಟಿಯೂ ಇದೆ. ಹೊರಗೆ ಕಾಣದ ಅಂಗವೈಕಲ್ಯದ ಗುರುತಾಗಿ 2016ರಲ್ಲಿ ಲಂಡನ್ನಿನ ಗ್ಯಾಟ್ವಿಕ್ ವಿಮಾನ ನಿಲ್ದಾಣದಲ್ಲಿ ಶುರುವಾದದ್ದು, ಈಗ ಹಲವು ದೇಶಗಳಲ್ಲಿ ಬಳಕೆಯಲ್ಲಿದೆ. ಹಾಕಿಕೊಳ್ಳಲು ಮನಸ್ಸಿಲ್ಲದಿದ್ದರೆ ಬೇಡ, ನಿಮ್ಮ ಕಾಯಿಲೆಯನ್ನು ಊರಿಗೆಲ್ಲ ಸಾರಬೇಕೆಂದೇನೂ ಇಲ್ಲ. ಆದರೂ ತಡೆದರೆ ಮ್ಯಾನೇಜರನ್ನು ಕರೆಸಿ. ಅವರೂ ಕೇಳದಿದ್ದರೆ ಅಲ್ಲಿಂದ ಹೊರಟು ಮರುದಿನ ಲಿಖಿತ ದೂರು ಕೊಡಿ. ಬ್ರಿಟನ್ನಿನ 2010ರ ಸಮಾನತೆ ಕಾಯ್ದೆಯಲ್ಲಿ ಮಲ್ಟಿಪಲ್ ಸ್ಕ್ಲಿರೋಸಿಸ್ ಪತ್ತೆಯಾದ ದಿನದಿಂದಲೇ ಅಂಗವೈಕಲ್ಯ ಎಂದು ಲೆಕ್ಕ. ಅಲ್ಲಿ ನ್ಯಾಯಾಲಯಕ್ಕೆ ಹೋಗುವುದಾದರೆ ಬಾಗಿಲಲ್ಲಿ ತಡೆದ ದಿನದಿಂದ ಆರು ತಿಂಗಳು ಮುಗಿಯುವುದರೊಳಗೆ ಹೋಗಬೇಕು. 'ನೋಡೋಣ, ಆಮೇಲೆ' ಎಂದು ದಿನ ಕಳೆದವರು ನನಗೆ ಏಳನೆಯ ತಿಂಗಳಲ್ಲಿ ಬರೆಯುತ್ತಾರೆ. ಆಗ ನಾನೇನು ಮಾಡಲಿ?

ಒಬ್ಬರೇ ಹೋಗಬೇಡಿ ಎಂದೂ ಹೇಳುತ್ತೇನೆ. ಇದು ಕಾನೂನಿನ ಮಾತಲ್ಲ, ಆ ಮಳೆಯ ರಾತ್ರಿ ಕಂಡವನ ಹೆದರಿಕೆ.

ಸ್ವಲ್ಪ ಕುಡಿದೇ ಹೋಗಿದ್ದೆ. ಬಾಗಿಲಲ್ಲಿ ಗೊತ್ತಾಗದಂತೆ ಕಾಫಿ ಕುಡಿದು, ಪುದೀನ ಜಗಿದು ಹೋದರೂ ತಡೆದರು. ಬೇಗ ಇಳಿಸಿಕೊಳ್ಳಲು ಏನು ಮಾಡಬೇಕು?

ಕಾಯಬೇಕು. ಯಕೃತ್ತು ಗಂಟೆಗೆ ಸುಮಾರು ಒಂದು ಸಣ್ಣ ಪೆಗ್ಗಿನಷ್ಟು ಮದ್ಯವನ್ನಷ್ಟೇ ಕರಗಿಸುತ್ತದೆ, ಅದನ್ನು ಅವಸರಪಡಿಸುವ ವಸ್ತು ಯಾವುದೂ ಇಲ್ಲ. ಕಾಫಿ ನಿದ್ದೆ ಓಡಿಸುತ್ತದೆ, ಅಮಲನ್ನಲ್ಲ. ತಣ್ಣೀರು ಸ್ನಾನ, ನಿಂಬೆರಸ, ಇದ್ದಿಲಿನ ಮಾತ್ರೆ ಎಲ್ಲ ಸುಳ್ಳು. ಇದ್ದಿಲು ಮದ್ಯವನ್ನು ಹಿಡಿದಿಟ್ಟುಕೊಳ್ಳುವುದೇ ಇಲ್ಲ. 'ಅಮಲು ಇಳಿಸುವ ಪುಡಿ' ಎಂದು ಮಾರುವವರಿಂದ ಕೊಂಡು, ಇಳಿಯಿತೆಂದು ನಂಬಿ ಗಾಡಿ ಓಡಿಸುವವರನ್ನು ನೆನೆದರೆ ನನಗೆ ಸಿಟ್ಟು ತಡೆಯಲಾಗುವುದಿಲ್ಲ.

ಪಾಸ್‌ಪೋರ್ಟಿನ ಅವಧಿ ಮುಗಿದಿದೆ ಎಂದು ಬಿಡಲಿಲ್ಲ. ನನ್ನ ಹುಟ್ಟಿದ ದಿನಾಂಕದ ಅವಧಿಯೂ ಮುಗಿಯುತ್ತದೆಯೇ?

ಮುಗಿಯುವುದಿಲ್ಲ. ಆದರೆ ಅವಧಿ ಮೀರಿದ ಹಳೆಯ ಐಡಿ ಅಣ್ಣನಿಂದ ತಮ್ಮನಿಗೆ, ಅಕ್ಕನಿಂದ ತಂಗಿಗೆ ದಾಟುತ್ತದೆ. ಹೊಸದು ಮಾಡಿಸಿ.

ಒಳಗೆ ಡ್ಯಾನ್ಸ್ ಫ್ಲೋರ್ ಅರ್ಧ ಖಾಲಿ ಕಾಣುತ್ತಿತ್ತು. ಆದರೂ 'ತುಂಬಿದೆ' ಎಂದರು. ಬೇಡಿಕೆ ಹೆಚ್ಚಿಸಲು ಆಡುವ ನಾಟಕವಲ್ಲವೇ?

ಹಾಗೆ ಆಡುವವರಿದ್ದಾರೆ, ಆದರೆ ಈ ಒಂದು ಕಾರಣ ಕೇಳಿದರೆ ದಯವಿಟ್ಟು ವಾದಿಸಬೇಡಿ. ಸಿಗರೇಟಿಗೆಂದು ಹೊರಗೆ ಹೋದವರು, ಮಹಡಿಯಲ್ಲಿರುವವರು, ಶೌಚಾಲಯದ ಸಾಲಿನಲ್ಲಿರುವವರು ಎಲ್ಲ ಎಣಿಕೆಯಲ್ಲಿ ಇರುತ್ತಾರೆ. ಆ ಎಣಿಕೆಯ ಮಿತಿ ನಿಂತಿರುವುದು ತುರ್ತು ಬಾಗಿಲುಗಳ ಮೇಲೆ, ಕುಣಿಯುವ ಜಾಗದ ಮೇಲಲ್ಲ. 1942ರ ನವೆಂಬರ್ 28ರಂದು ಬಾಸ್ಟನ್ನಿನ ಕೋಕೋನಟ್ ಗ್ರೋವ್ ಕ್ಲಬ್ಬಿಗೆ ಬೆಂಕಿ ಬಿದ್ದಾಗ ಒಳಗೆ ಮಿತಿಗಿಂತ ಬಹಳ ಹೆಚ್ಚು ಜನ. ಮುಖ್ಯ ಬಾಗಿಲು ತಿರುಗುವ ಬಾಗಿಲು, ಜನ ಮುಗಿಬಿದ್ದೊಡನೆ ಸಿಕ್ಕಿಕೊಂಡಿತು. 492 ಮಂದಿ ಸತ್ತರು. 2003ರ ಫೆಬ್ರುವರಿಯಲ್ಲಿ ಅಮೆರಿಕದ ರೋಡ್ ಐಲೆಂಡಿನ ಸ್ಟೇಷನ್ ಕ್ಲಬ್ಬಿನಲ್ಲಿ 100 ಮಂದಿ, 2013ರ ಜನವರಿಯಲ್ಲಿ ಬ್ರೆಜಿಲಿನ ಕಿಸ್ ಕ್ಲಬ್ಬಿನಲ್ಲಿ 242 ಮಂದಿ. ಕಿಸ್‌ನಲ್ಲಿ ಬೆಂಕಿಯ ಸುದ್ದಿ ತಿಳಿಯದ ಕಾವಲುಗಾರರು, ದುಡ್ಡು ಕೊಡದೆ ಹೋಗುತ್ತಿದ್ದಾರೆಂದು ಮೊದಮೊದಲು ಜನರನ್ನು ಹೊರಗೆ ಬಿಡದೆ ತಡೆದಿದ್ದರು. ನನ್ನ ತರಗತಿ ಶುರುವಾಗುವುದು ಈ ಘಟನೆಯಿಂದ.

ಇವತ್ತು ತಡೆದರೆ ವೇಷ ಬದಲಿಸಿ ಅರ್ಧ ಗಂಟೆ ಬಿಟ್ಟು ಮತ್ತೆ ಹೋಗಬಹುದಲ್ಲ?

ಬೇಡ. ನ್ಯೂ ಸೌತ್ ವೇಲ್ಸ್‌ನಲ್ಲಿ ಅಮಲಿನ ಕಾರಣಕ್ಕೆ ತಡೆದವರು 24 ಗಂಟೆ ಮತ್ತೆ ಅಲ್ಲಿ ಕಾಲಿಡುವಂತಿಲ್ಲ, ಸುತ್ತಲ 50 ಮೀಟರ್ ಒಳಗೆ ಸುಳಿದಾಡುವಂತೆಯೂ ಇಲ್ಲ. ಮೀರಿದರೆ ದಂಡ. ಅಂಥ ಕಾನೂನು ಇಲ್ಲದ ಕಡೆಯೂ ಬಾಗಿಲಲ್ಲಿರುವುದು ಅದೇ ಮನುಷ್ಯ. ಅಂಗಿ ಬದಲಿಸಿದರೂ ನಿಮ್ಮ ಮುಖ ಅವನಿಗೆ ನೆನಪಿರುತ್ತದೆ.

ಬೌನ್ಸರ್ ಕೈಗೆ ಮೆಲ್ಲಗೆ ನೋಟು ತುರುಕಿದರೆ?

ನನ್ನ ಕೈಗೆ ತುರುಕಿದವರನ್ನು ನಾನು ಆ ಬಾಗಿಲಲ್ಲಿದ್ದಷ್ಟು ದಿನವೂ ಒಳಗೆ ಬಿಡಲಿಲ್ಲ.