ನರಿಗೆ ಶಿಕ್ಷೆಯೇ ಆಗದ ಕಥೆಯನ್ನು ಮಕ್ಕಳಿಗೆ ಹೇಳಬಹುದಾ?

ನಿಮ್ಮ ಪ್ರಶ್ನೆ ಓದಿದೆ. ಏಳು ವರ್ಷದ ಮಗನಿಗೆ ಪಂಚತಂತ್ರದ ಕಥೆ ಹೇಳೋಕೆ ಶುರು ಮಾಡಿದ್ದೀರಿ. ಆದರೆ ಎಷ್ಟೋ ಕಥೆಗಳಲ್ಲಿ ಮೋಸ ಮಾಡಿದವನೇ ಗೆಲ್ಲುತ್ತಾನೆ, ಇದರಿಂದ ಮಗು ಯಾವ ನೀತಿ ಕಲಿಯುತ್ತೆ, ಹೇಳಲೋ ಬಿಡಲೋ ಅಂತ ಕೇಳಿದ್ದೀರಿ.

ಧಾರಾಳವಾಗಿ ಹೇಳಿ. ಕಥೆ ಮಾತ್ರ ಹೇಳಿ, ಕೊನೆಗೆ ನೀತಿ ಹೇಳೋಕೆ ಹೋಗಬೇಡಿ. ನನ್ನ ಉತ್ತರ ಇಷ್ಟೇ. ಯಾಕೆ ಅನ್ನೋದು ಮಾತ್ರ ಸ್ವಲ್ಪ ಉದ್ದ ಇದೆ.

ನಾನು ಪಂಡಿತ ಅಲ್ಲ. ಬಾಗಲಕೋಟೆ ಜಿಲ್ಲೆಯ ಮಹಾಲಿಂಗಪುರದಲ್ಲಿ ನಮ್ಮದು ಬೆಲ್ಲದ ಅಡತಿ ಅಂಗಡಿ. ಬೆಳಗ್ಗೆ ಹರಾಜಿನ ಸವಾಲು, ಮಧ್ಯಾಹ್ನ ಪಟ್ಟಿ ಬರೆಯೋದು, ರಾತ್ರಿ ಮಗಳಿಗೆ ಕಥೆ. ಎರಡು ವರ್ಷದ ಹಿಂದೆ ನೀವು ಈಗ ನಿಂತಿರುವ ಜಾಗದಲ್ಲೇ ನಾನೂ ನಿಂತಿದ್ದೆ.

ಆವತ್ತು ಕಾರ ಹುಣ್ಣಿವೆ. ಮಗಳಿಗೆ ಆಗ ಎಂಟು ವರ್ಷ. ಹಗಲೆಲ್ಲ ಹೊಲದ ಮನೆಯಲ್ಲಿ ಎತ್ತಿನ ಕೋಡಿಗೆ ಬಣ್ಣ ಹಚ್ಚಿ, ಕೈಯೆಲ್ಲ ಕೆಂಪು ಮಾಡಿಕೊಂಡು ಬಂದಿದ್ದಳು. ಮಲಗುವಾಗ ಕಥೆ ಬೇಕು ಅಂದಳು. ಎತ್ತಿನ ಹಬ್ಬ ಅಲ್ವಾ, ಎತ್ತಿನ ಕಥೆಯೇ ಇರಲಿ ಅಂತ ಪಂಚತಂತ್ರದ ಮೊದಲ ತಂತ್ರ, ಮಿತ್ರಭೇದ, ಹೇಳಿದೆ.

ನಿಮಗೆ ಗೊತ್ತಿರಬಹುದು. ವರ್ಧಮಾನ ಅನ್ನೋ ವ್ಯಾಪಾರಿ ಗಾಡಿ ಕಟ್ಟಿಕೊಂಡು ಮಥುರೆಗೆ ಹೊರಟಿರುತ್ತಾನೆ. ಯಮುನೆಯ ದಂಡೆಯ ಕೆಸರಿನಲ್ಲಿ ಸಂಜೀವಕ ಅನ್ನೋ ಎತ್ತು ಸಿಕ್ಕಿಕೊಂಡು ಕಾಲು ಮುರಿದುಕೊಳ್ಳುತ್ತೆ. ಅದನ್ನು ಅಲ್ಲೇ ಬಿಟ್ಟು ಹೋಗುತ್ತಾರೆ. ಎತ್ತು ಸಾಯಲ್ಲ. ಹಸಿ ಹುಲ್ಲು ತಿಂದು ಗಟ್ಟಿಯಾಗಿ ಕಾಡು ನಡುಗುವ ಹಾಗೆ ಗುಟುರು ಹಾಕುತ್ತೆ. ನೀರು ಕುಡಿಯಲು ಬಂದ ಪಿಂಗಳಕ ಅನ್ನೋ ಸಿಂಹ ಆ ದನಿಗೆ ಹೆದರುತ್ತೆ. ಆಗ ದಮನಕ ಅನ್ನೋ ನರಿ ನಡುವೆ ನಿಂತು ಇಬ್ಬರಿಗೂ ಗೆಳೆತನ ಮಾಡಿಸುತ್ತೆ. ಆ ಗೆಳೆತನ ಜಾಸ್ತಿಯಾಗಿ ಸಿಂಹ ಬೇಟೆಯನ್ನೇ ಮರೆತಾಗ, ಅದೇ ದಮನಕ ಇಬ್ಬರ ಕಿವಿಯಲ್ಲೂ ಬೇರೆ ಬೇರೆ ಮಾತು ಊದುತ್ತೆ. ಕೊನೆಗೆ ಸಿಂಹ ಎತ್ತನ್ನು ಕೊಲ್ಲುತ್ತೆ. ದಮನಕನಿಗೆ ಮಂತ್ರಿ ಪದವಿ.

ಮಗಳು ಎದ್ದು ಕೂತಳು. "ಎತ್ತ ಏನ್ ತಪ್ಪ ಮಾಡಿತ್ತು?"

"ಏನೂ ಮಾಡಿರ್ಲಿಲ್ಲವಾ."

"ಹಂಗಾರ ನರಿಗೆ ಏನ್ ಶಿಕ್ಷಾ ಆತು?"

"ಏನೂ ಆಗ್ಲಿಲ್ಲ."

ನಮ್ಮ ಕಡೆ ಎತ್ತು ಅಂದರೆ ಬಸವಣ್ಣ. ಬೆಳಗ್ಗೆ ಪೂಜೆ ಮಾಡಿದ ಬಸವಣ್ಣನನ್ನು ರಾತ್ರಿ ಕೊಂದು ಹಾಕಿದ್ದೆ ನಾನು. ಏನಾದರೂ ಹೇಳಿ ತಪ್ಪಿಸಿಕೊಳ್ಳಬೇಕಲ್ಲ, "ನೋಡು, ಅದಕ್ಕೇ ಚಾಡಿ ಮಾತು ಕೇಳಬಾರದು" ಅಂದೆ. ಅವಳು ಒಂದು ನಿಮಿಷ ಯೋಚಿಸಿದಳು. "ಚಾಡಿ ಕೇಳಿದ್ದು ಸಿಂಹ. ಅದಕ್ಕೂ ಏನೂ ಆಗ್ಲಿಲ್ಲಲ್ಲ?" ಅಂದವಳೇ ಗೋಡೆ ಕಡೆ ತಿರುಗಿ ಮಲಗಿದಳು.

ನನ್ನ ನೀತಿ ನೆಲಕ್ಕೆ ಬಿತ್ತು. ಅವಳ ಮಾತು ಸರಿಯಾಗಿಯೇ ಇತ್ತು. ಕಥೆ ಒಂದು ಹೇಳುತ್ತೆ, ನಾವು ಅದರ ಬಾಲಕ್ಕೆ ಕಟ್ಟುವ ನೀತಿ ಇನ್ನೊಂದು ಹೇಳುತ್ತೆ. ಮಕ್ಕಳಿಗೆ ಈ ಹೊಂದದ ಹೊಲಿಗೆ ತಟ್ಟನೆ ಕಾಣುತ್ತೆ.

ಆಮೇಲೆ ಸ್ವಲ್ಪ ಓದಿದೆ. ನಾವು ಶಾಲೆಯಲ್ಲಿ ಕಲಿತ 'ನೀತಿ' ಬೇರೆ, ಪಂಚತಂತ್ರದ 'ನೀತಿ' ಬೇರೆ. ಆ ಪದದ ಬೇರು ಸಂಸ್ಕೃತದ 'ನೀ', ಅಂದರೆ ನಡೆಸು, ಕರೆದುಕೊಂಡು ಹೋಗು. ಲೋಕದಲ್ಲಿ ನಡೆದುಕೊಂಡು ಹೋಗುವ ಜಾಣತನ ಅಂತ ಇಟ್ಟುಕೊಳ್ಳಿ, ರಾಜನೀತಿ ಅಂತೀವಲ್ಲ, ಹಾಗೆ. ಪುಸ್ತಕದ ಶುರುವೇ ಅದನ್ನು ಹೇಳುತ್ತೆ. ಮಹಿಳಾರೋಪ್ಯದ ರಾಜ ಅಮರಶಕ್ತಿಗೆ ಮೂವರು ಮಕ್ಕಳು, ಮೂವರೂ ದಡ್ಡರು. 80 ವರ್ಷದ ವಿಷ್ಣುಶರ್ಮ ಬಂದು, ಆರು ತಿಂಗಳಲ್ಲಿ ಇವರನ್ನು ನೀತಿಶಾಸ್ತ್ರದಲ್ಲಿ ನಿಸ್ಸೀಮರನ್ನಾಗಿ ಮಾಡ್ತೀನಿ ಅಂತಾನೆ. ಒಳ್ಳೆಯ ಹುಡುಗರನ್ನಾಗಿ ಮಾಡ್ತೀನಿ ಅನ್ನಲ್ಲ! ಇದನ್ನು ಓದಿ ಕೇಳಿದವರಿಗೆ ಸಿಗುವ ಫಲ ಕೂಡ ಸ್ವರ್ಗ ಅಲ್ಲ. ಅವರು ಇಂದ್ರನ ಕೈಯಲ್ಲೂ ಸೋಲಲ್ಲ ಅಂತ ಬರೆದಿದೆ. ರಾಜನ ಮಕ್ಕಳು ನಾಳೆ ಗದ್ದುಗೆ ಮೇಲೆ ಕೂರುವವರು. ಸುತ್ತ ದಮನಕರೇ ಇರುತ್ತಾರೆ. ನರಿ ಕೊನೆಗೆ ಸೋತೇ ಸೋಲುತ್ತೆ ಅಂತ ಅವರಿಗೆ ಕಲಿಸಿದರೆ ಮೊದಲ ವರ್ಷವೇ ರಾಜ್ಯ ಹೋಗುತ್ತೆ.

ಒಳ್ಳೆಯ ಮಾತು ಈ ಕಥೆಯಲ್ಲಿ ಇಲ್ಲ ಅಂತಲ್ಲ. ಕರಟಕ ಅಂತ ಇನ್ನೊಂದು ನರಿ ಇದೆ. ಬೇಡ, ಇದು ನಮ್ಮ ಕೆಲಸ ಅಲ್ಲ ಅಂತ ದಮನಕನಿಗೆ ಮತ್ತೆ ಮತ್ತೆ ಬುದ್ಧಿ ಹೇಳುತ್ತೆ. ಯಾರು ಕೇಳ್ತಾರೆ?

ನನ್ನ ಮಗಳ ತಕರಾರು ಹೊಸದೇನೂ ಅಲ್ಲ ಅನ್ನೋದೂ ಆಗಲೇ ಗೊತ್ತಾಯಿತು. ಈ ಕಥೆಗಳು ಆರನೇ ಶತಮಾನದಲ್ಲಿ ಪರ್ಷಿಯಾಕ್ಕೆ ಹೋದವು. ಅಲ್ಲಿಂದ ಎಂಟನೇ ಶತಮಾನದಲ್ಲಿ ಇಬ್ನ್ ಅಲ್-ಮುಕಫ್ಫಾ ಅನ್ನೋ ಲೇಖಕ ಅರಬ್ಬಿಗೆ ತಂದ. ಕರಟಕ, ದಮನಕ ಅಲ್ಲಿ ಕಲೀಲ, ದಿಮ್ನ ಆದರು. ಆ ಅರಬ್ಬಿ ಪುಸ್ತಕದಲ್ಲಿ ನಮ್ಮಲ್ಲಿ ಇಲ್ಲದ ಒಂದು ಅಧ್ಯಾಯ ಇದೆ, ದಿಮ್ನನ ವಿಚಾರಣೆ. ಸಿಂಹದ ತಾಯಿ ಪಟ್ಟು ಹಿಡಿಯುತ್ತಾಳೆ, ಸಾಕ್ಷಿ ಬರುತ್ತೆ, ದಿಮ್ನ ಸೆರೆಮನೆಯಲ್ಲಿ ಸಾಯುತ್ತಾನೆ. ಅದು ಇಬ್ನ್ ಅಲ್-ಮುಕಫ್ಫಾನೇ ಸೇರಿಸಿದ್ದು ಅಂತ ವಿದ್ವಾಂಸರು ಹೇಳುತ್ತಾರೆ. ನರಿ ಹೀಗೆ ಗೆದ್ದು ಹೋಗೋದು ಅವನಿಗೂ ಸಹಿಸಲಾಗಲಿಲ್ಲ ಅಂತ ಕಾಣುತ್ತೆ. ಇದನ್ನು ಮಗಳಿಗೆ ಹೇಳಿದಾಗ ಅವಳ ಮುಖ ನೋಡಬೇಕಿತ್ತು. "ಚಲೋ ಮಾಡ್ಯಾನ" ಅಂದಳು.

ಕನ್ನಡದಲ್ಲಿ ಮೊದಲು ಪಂಚತಂತ್ರ ಬರೆದವನು ದುರ್ಗಸಿಂಹ, 1031ರ ಸುಮಾರಿಗೆ. ಅವನು ನಮ್ಮ ಪಕ್ಕದ ಸೀಮೆಯವನೇ. ಕಿಸುಕಾಡು ನಾಡಿನ ಸಯ್ಯಡಿ ಅವನ ಊರು, ಈಗಿನ ರೋಣ ತಾಲ್ಲೂಕಿನಲ್ಲಿದೆ. ಚಾಲುಕ್ಯರ ಜಗದೇಕಮಲ್ಲ ಜಯಸಿಂಹನ ಬಳಿ ಸಂಧಿವಿಗ್ರಹಿ ಆಗಿದ್ದ. ಯಾರ ಜೊತೆ ಯುದ್ಧ, ಯಾರ ಜೊತೆ ರಾಜಿ ಅಂತ ನೋಡುವ ಹುದ್ದೆ ಅದು. ಅವನು ಹಿಡಿದದ್ದು ವಿಷ್ಣುಶರ್ಮನ ದಾರಿ ಅಲ್ಲ, ವಸುಭಾಗಭಟ್ಟ ಅನ್ನೋ ಇನ್ನೊಬ್ಬನ ಪಂಚತಂತ್ರದ ದಾರಿ. ಅದೆಲ್ಲ ಪಂಡಿತರ ವಿಷಯ, ಬಿಡಿ. ನನಗೆ ಹಿಡಿಸಿದ್ದು ಅವನ ಹುದ್ದೆ. ಆಸ್ಥಾನದಲ್ಲಿ ದಿನಾ ನರಿಗಳ ನಡುವೆ ಓಡಾಡುವ ಮನುಷ್ಯ ಕೂತು ನರಿಯ ಕಥೆ ಬರೆಯುತ್ತಾನೆ ಅಂದರೆ ಅದರ ರುಚಿಯೇ ಬೇರೆ ಇರಬೇಕು ಅಲ್ವಾ?

ಅವನಿಗಿಂತ ಮುನ್ನೂರು ವರ್ಷ ಹಿಂದೆಯೇ ಪಟ್ಟದಕಲ್ಲಿನಲ್ಲಿ ಈ ಕಥೆಗಳನ್ನು ಕಲ್ಲಿನಲ್ಲಿ ಕೆತ್ತಿದ್ದಾರೆ. ವಿರೂಪಾಕ್ಷ ಮತ್ತು ಮಲ್ಲಿಕಾರ್ಜುನ ಗುಡಿಗಳಲ್ಲಿ ರಾಮಾಯಣ, ಮಹಾಭಾರತದ ಜೊತೆ ಪಂಚತಂತ್ರವೂ ಇದೆ. ಮಗನನ್ನು ಒಮ್ಮೆ ಕರೆದುಕೊಂಡು ಬನ್ನಿ. ದೇವರ ಕಥೆ ಇರುವ ಕಡೆಯೇ ಪ್ರಾಣಿಗಳ ಕಥೆಗೂ ಜಾಗ ಕೊಟ್ಟಿದ್ದಾರೆ. ಮೊಬೈಲಿನಲ್ಲಿ ಬರುವ ಕಾರ್ಟೂನಿನ ಹಾಗೆ ಕೆಳಗೆ "ಈ ಕಥೆಯ ನೀತಿ" ಅಂತ ಬರೆದಿಲ್ಲ.

ಹಾಗಾದರೆ ಈ ಕಥೆಗಳು ಯಾವ ಕೆಲಸಕ್ಕೆ ಬರುತ್ತವೆ? ನಮ್ಮ ಅಂಗಡಿಯದೇ ಒಂದು ಸಂಗತಿ ಹೇಳ್ತೀನಿ.

ನಮ್ಮ ಮುತ್ಯಾ ಹೇಳುತ್ತಿದ್ದ ಕಥೆ ಒಂದಿತ್ತು. ಇದೂ ಮಿತ್ರಭೇದದ್ದೇ, ಕರಟಕ ದಮನಕನಿಗೆ ಹೇಳುವ ಕಥೆ. ದುಡ್ಡು ಕಳೆದುಕೊಂಡ ಒಬ್ಬ ವ್ಯಾಪಾರಿಯ ಮಗ. ಹಿರಿಯರಿಂದ ಬಂದ ಭಾರೀ ಕಬ್ಬಿಣದ ತಕ್ಕಡಿ ಒಂದೇ ಅವನ ಆಸ್ತಿ. ಅದನ್ನು ಒಬ್ಬ ಶೆಟ್ಟಿಯ ಬಳಿ ಇಟ್ಟು ಪರದೇಶಕ್ಕೆ ಹೋಗುತ್ತಾನೆ. ವಾಪಸ್ ಬಂದು ಕೇಳಿದರೆ ಶೆಟ್ಟಿ, "ಅಯ್ಯೋ, ಅದನ್ನು ಇಲಿ ತಿಂದವಪ್ಪಾ" ಅಂತಾನೆ. ಇವನು ಜಗಳ ಮಾಡಲ್ಲ. ಇಲಿ ತಿಂದರೆ ನೀವೇನು ಮಾಡ್ತೀರಿ ಬಿಡಿ, ಸ್ನಾನಕ್ಕೆ ಹೊಳೆಗೆ ಹೋಗ್ತೀನಿ, ಸಾಮಾನು ಹಿಡಿಯಲು ನಿಮ್ಮ ಮಗನನ್ನು ಕಳಿಸಿ ಅಂತಾನೆ. ಹುಡುಗನನ್ನು ಒಂದು ಗುಹೆಯಲ್ಲಿ ಕೂರಿಸಿ ಗುಹೆಯ ಬಾಯಿಗೆ ಬಂಡೆ ಮುಚ್ಚಿ ಒಬ್ಬನೇ ಬರುತ್ತಾನೆ. "ನಿಮ್ಮ ಮಗನನ್ನು ಗಿಡುಗ ಎತ್ತಿಕೊಂಡು ಹೋಯಿತು!" ನ್ಯಾಯ ರಾಜಸಭೆಗೆ ಹೋಗುತ್ತೆ. ಇಲಿ ಕಬ್ಬಿಣದ ತಕ್ಕಡಿ ತಿನ್ನುವ ಊರಿನಲ್ಲಿ ಗಿಡುಗ ಹುಡುಗನನ್ನು ಹೊರಲಾರದೇ ಅಂತ ಕೇಳುತ್ತಾನೆ. ಸಭೆಯವರು ನಕ್ಕು ಇವನಿಗೆ ತಕ್ಕಡಿ, ಅವನಿಗೆ ಮಗ ಕೊಡಿಸುತ್ತಾರೆ.

ಮುತ್ಯಾ ಇದನ್ನು ಸುಮ್ನೆ ಹೇಳುತ್ತಿರಲಿಲ್ಲ. ಅಂಗಡಿಯ ಹಳೇ ತಕ್ಕಡಿ ಪಕ್ಕದಲ್ಲಿದ್ದ ಐದು ಕಿಲೋ ಕಬ್ಬಿಣದ ಕಲ್ಲನ್ನು ನಮ್ಮ ಮಡಿಲಿಗೆ ಹಾಕಿ, "ಹೂಂ, ಕಡಿ ನೋಡೂಣು" ಅನ್ನೋರು. ಅದಕ್ಕೆ ಬೆಲ್ಲದ ಜಿಗುಟು ಮೆತ್ತಿರುತ್ತಿತ್ತು. ನಾನು ನೆಕ್ಕಿ ನೋಡಿದ್ದೆ. ಮೇಲೆ ಸಿಹಿ, ಒಳಗೆ ತುಕ್ಕಿನ ಒಗರು. ಇಲಿಗಳ ಹಲ್ಲಿನ ಬಗ್ಗೆ ಆವತ್ತು ನನಗೆ ಯಾವ ಅನುಮಾನವೂ ಉಳಿಯಲಿಲ್ಲ.

ಈಗ ಇದರ ನೀತಿ ಏನು ಅಂತ ಬರೆಯೋಣ? ಮಗುವನ್ನು ಗುಹೆಯಲ್ಲಿ ಕೂಡಿಹಾಕಿ ಅಂತಲಾ? ತಮಾಷೆ ಅಂದರೆ ಈ ಕಥೆಯಲ್ಲಿ ಪ್ರಾಣಿಗಳೇ ಇಲ್ಲ. ಇರುವುದು ಒಂದು ಸುಳ್ಳಿನ ಇಲಿ, ಒಂದು ಸುಳ್ಳಿನ ಗಿಡುಗ.

ನಾನು ಅಂಗಡಿಗೆ ಹೊಸದಾಗಿ ಬಂದಿದ್ದ ಕಾಲ. ನಮ್ಮ ಅರವತ್ತು ಪೆಂಟಿ ಬೆಲ್ಲ ಪರಿಚಯದವರೊಬ್ಬರ ಗೋಡೌನಿನಲ್ಲಿತ್ತು. ಮಳೆಗಾಲ ಮುಗಿದ ಮೇಲೆ ಹೋದರೆ, "ಛಾವಣಿ ಸೋರಿ ಎಲ್ಲಾ ಕರಗಿ ಹೋಯ್ತು" ಅಂದರು. ಬೆಲ್ಲ ಕರಗೋದು ನಿಜ, ನಾನು ನಂಬಿ ಬಂದೆ. ಮುತ್ಯಾ ಪೂರ್ತಿ ಕೇಳಿ ಒಂದೇ ಮಾತು ಅಂದರು: "ಅವರ ಬೆಲ್ಲಾನೂ ಅಲ್ಲೇ ಇತ್ತಲ್ಲ, ಅದು ಕರಗ್ಲಿಲ್ಲೇನು? ಇಲಿ ತಕ್ಕಡಿ ತಿಂದಾವ ನೋಡು." ನನಗೆ ಮೈ ಬಿಸಿಯಾಯಿತು. ಬೆಲ್ಲ ಕರಗಿ ಹರಿದರೆ ನೆಲ ಅಂಟಂಟಾಗಬೇಕು, ಇರುವೆ ಸಾಲು ಹಿಡಿಯಬೇಕು. ನಾನು ನಿಂತಿದ್ದ ನೆಲ ಒಣಗಿ ಧೂಳಾಗಿತ್ತು. ನಾವು ಯಾರ ಮಗನನ್ನೂ ಗುಹೆಗೆ ಹಾಕಲಿಲ್ಲ. ನಾಲ್ಕು ಹಿರಿಯರನ್ನು ಕೂರಿಸಿ ಅರ್ಧ ದುಡ್ಡು ವಸೂಲಿ ಮಾಡಿಕೊಂಡೆವು, ಅಷ್ಟೇ. ಆದರೆ ಇವತ್ತಿಗೂ ನಮ್ಮ ಅಂಗಡಿಯಲ್ಲಿ ಯಾರಾದರೂ ನೆಪ ಹೇಳಿದರೆ ಹಮಾಲರೇ "ಇಲಿ ತಿಂದ್ವೇನ್ರೀ?" ಅಂತಾರೆ. ಆ ಕಥೆ ನನಗೆ ಕೊಟ್ಟದ್ದು ಇದನ್ನೇ. ಎದುರಿಗೆ ನಡೆಯುತ್ತಿರುವ ಆಟಕ್ಕೆ ಒಂದು ಹೆಸರು ಸಿಕ್ಕಿತು. ಹೆಸರು ಗೊತ್ತಿಲ್ಲದಿದ್ದರೆ ಆಟ ಕಣ್ಣಿಗೇ ಬೀಳಲ್ಲ.

ಯಾವುದರಿಂದ ಶುರು ಮಾಡೋದು ಅಂತಲೂ ಕೇಳಿದ್ದೀರಿ. ಏಳು ವರ್ಷಕ್ಕೆ ಎರಡನೇ ತಂತ್ರ, ಮಿತ್ರಲಾಭ, ಒಳ್ಳೆಯದು. ಬಲೆಯ ಸಮೇತ ಹಾರುವ ಪಾರಿವಾಳಗಳು ಇರೋದು ಅಲ್ಲೇ. ಹಿರಣ್ಯಕ ಅನ್ನೋ ಇಲಿ ಬಲೆ ಕಡಿಯಲು ಬಂದಾಗ ಪಾರಿವಾಳಗಳ ರಾಜ ಚಿತ್ರಗ್ರೀವ, ಮೊದಲು ನನ್ನವರದು ಕಡಿ, ಆಮೇಲೆ ನನ್ನದು ಅಂತಾನೆ. ಪಂಚತಂತ್ರದಲ್ಲಿ ಬರೀ ಮೋಸವೇ ಇದೆ ಅನ್ನುವವರು ಇದನ್ನು ಓದಬೇಕು. ಕೋತಿ-ಮೊಸಳೆ, ಬಾಯಿಬಿಟ್ಟು ಬಿದ್ದ ಆಮೆ, ಇವು ಹೇಗೂ ಎಲ್ಲ ಮಕ್ಕಳಿಗೂ ಇಷ್ಟ. ಜಾತಕ ಕಥೆಗಳಲ್ಲೂ ಇವು ಇವೆ. ಕಾಗೆ-ಗೂಬೆಗಳ ಕಾಕೋಲೂಕೀಯ ಮಾತ್ರ ಸ್ವಲ್ಪ ದಿನ ಇರಲಿ. ಕಾಗೆ ಮಂತ್ರಿ ಶರಣು ಬಂದವನ ಹಾಗೆ ನಟಿಸಿ, ಗೂಬೆಗಳ ಗುಹೆ ಸೇರಿ, ಕೊನೆಗೆ ಬೆಂಕಿ ಇಡಿಸುತ್ತೆ. ದೊಡ್ಡವನಾದ ನನಗೇ ಅದನ್ನು ಓದಿ ನಿದ್ದೆ ಬರಲಿಲ್ಲ.

ಮಹಾಭಾರತದ ಶಾಂತಿಪರ್ವದಲ್ಲಿ ಭೀಷ್ಮ ಹೇಳುವ ಇಲಿ-ಬೆಕ್ಕಿನ ಕಥೆಯೂ ಇರಲಿ. ಬೆಕ್ಕು ಬಲೆಯಲ್ಲಿ ಬಿದ್ದಿದೆ. ಇಲಿಗೆ ಒಂದು ಕಡೆ ಮುಂಗುಸಿ, ಇನ್ನೊಂದು ಕಡೆ ಗೂಬೆ. ಇಲಿ ಬೆಕ್ಕಿನ ಮಗ್ಗುಲಲ್ಲೇ ಆಸರೆ ಪಡೆದು, ಬಲೆ ಕಡಿಯುವ ಮಾತು ಕೊಡುತ್ತೆ. ಆದರೆ ಬೇಟೆಗಾರ ಹತ್ತಿರ ಬರುವವರೆಗೂ ಕೊನೆಯ ಎಳೆ ಕಡಿಯಲ್ಲ. ಆಮೇಲೆ ಬೆಕ್ಕು ಎಷ್ಟು ಕರೆದರೂ ಬಿಲದಿಂದ ಹೊರಗೆ ಬರಲ್ಲ. ಗರಜು ಇರೋವರೆಗಿನ ಗೆಳೆತನ ಅಂದರೇನು ಅಂತ ನನಗೆ ಪೇಟೆ ಹತ್ತು ವರ್ಷದಲ್ಲಿ ಕಲಿಸಿತು. ಆ ಇಲಿ ಒಂದೇ ರಾತ್ರಿಯಲ್ಲಿ ಕಲಿಸುತ್ತೆ.

ಸತ್ಯ, ಮಾತಿಗೆ ತಪ್ಪದಿರುವುದು ಇವೂ ಬೇಕು ಅಂದರೆ ಕನ್ನಡದಲ್ಲಿ ಪುಣ್ಯಕೋಟಿ ಇದ್ದಾಳೆ. ಅವಳ ಕೆಲಸ ದಮನಕನ ಕೈಲಿ ಮಾಡಿಸೋಕೆ ಹೋಗಬೇಡಿ, ದಮನಕನ ಕೆಲಸ ಅವಳ ಕೈಲಿ ಬೇಡ. ಎರಡೂ ಹೇಳಿ, ಸುಮ್ಮನಿರಿ.

ಈಗ ಮಗಳಿಗೆ ಹತ್ತು. ಹೋದ ವಾರ ಊಟ ಮಾಡುತ್ತಾ ತಾನಾಗಿಯೇ ಕೇಳಿದಳು. "ಅಪ್ಪಾ, ಪುಣ್ಯಕೋಟಿ ಕರುವಿಗೆ ಹಾಲು ಕೊಡಾಕ ದೊಡ್ಡಿಗೆ ಹೋದಾಗ ಆ ಕಾಡಿನ್ಯಾಗ ದಮನಕ ಇದ್ದಿದ್ರ ಏನ್ ಮಾಡ್ತಿತ್ತು ಗೊತ್ತೇನು?"

ಕರುವಿಗೆ ಏನಾದರೂ ಹೇಳಿ ಹೆದರಿಸುತ್ತಿತ್ತು ಅಂದೆ.

"ಇಲ್ಲ. ಸೀದಾ ಹುಲಿ ಹಂತ್ಯಾಕ ಹೋಗಿ, 'ಆಕಿ ವಾಪಸ್ ಬರಂಗಿಲ್ಲ, ಗೊಲ್ಲನ್ನ ಕರಕೊಂಡು ನಿನ್ನ ಹೊಡಿಯಾಕ ಬರ್ತಾಳ' ಅಂತಿತ್ತು."

ಇಷ್ಟು ಹೇಳಿ, ರೊಟ್ಟಿ ಮುರಿದು ಬದನೆಕಾಯಿ ಪಲ್ಯಕ್ಕೆ ಅದ್ದಿದಳು.