ಪಕ್ಕದ ಹೊಲದವನಿಗೆ ಬಂತು, ನನಗೇಕೆ ಬರಲಿಲ್ಲ?

ಬೆಳೆ ಪರಿಹಾರದ ಬಗ್ಗೆ ಬರುವ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ಪ್ರಶ್ನೆ. ಉತ್ತರಿಸಿ ಉತ್ತರಿಸಿ ಸಾಕಾಗಿದೆ. ಈ ಸಲ ಅದಕ್ಕೇ ಹೆಚ್ಚು ಜಾಗ, ಉಳಿದವರು ಬೇಸರಿಸಬಾರದು.

ಪ್ರಶ್ನೆ: ಮಳೆ ಕೈಕೊಟ್ಟು ಇಬ್ಬರ ರಾಗಿಯೂ ಒಣಗಿತು. ನಡುವೆ ಇರುವುದು ಒಂದೇ ಬದು. ಪಕ್ಕದವರಿಗೆ ಪರಿಹಾರ ಜಮಾ ಆಗಿದೆ, ನನಗಿಲ್ಲ. ಐನೂರು ಕೊಟ್ಟರೆ ಮಾಡಿಸಿಕೊಡುತ್ತೇನೆ ಎನ್ನುತ್ತಾರೆ ಒಬ್ಬರು. ಕೊಡಲೇ?

ಉತ್ತರ: ಆ ಐನೂರು ಜೇಬಿನಲ್ಲೇ ಇರಲಿ. ತಾಲ್ಲೂಕು ಕಚೇರಿ ಮುಂದಿನ ಟೀ ಅಂಗಡಿಯಲ್ಲಿ ಕೂತವರು ನಿಮ್ಮ ಹಣ ತರಿಸಲಾರರು. ಫ್ರೂಟ್ಸ್ ಎಂಬ ಸರ್ಕಾರಿ ರೈತ ನೋಂದಣಿಯಲ್ಲಿ ಸಿಗುವ ಗುರುತಿನ ಸಂಖ್ಯೆ (ಎಫ್‌ಐಡಿ), ಪಹಣಿ, ಬೆಳೆ ಸಮೀಕ್ಷೆ ಮೂರೂ ತಾಳೆಯಾದರೆ ಹಣ ಆಧಾರ್ ಮೂಲಕ ತಾನಾಗಿ ಬರುತ್ತದೆ. ಎಲ್ಲೋ ಒಂದು ಕೊಂಡಿ ಕಳಚಿದರೆ ಅಲ್ಲಿಗೇ ನಿಂತಿತು.

ಕಳಚುವುದು ಎಲ್ಲಿ? ನಾನು ಕಂಡಂತೆ ಹೆಚ್ಚಾಗಿ ಪಹಣಿಯಲ್ಲಿ. ಅಪ್ಪ ತೀರಿಕೊಂಡು ಹತ್ತು ವರ್ಷ, ಪ್ರತಿ ವರ್ಷ ತಿಥಿ ತಪ್ಪದೆ ಮಾಡುತ್ತೀರಿ, ಜಮೀನನ್ನು ವಾರಸುದಾರರ ಹೆಸರಿಗೆ ತರುವ ಪೌತಿ ಖಾತೆ ಮಾತ್ರ ಮಾಡಿಸಿಲ್ಲ. ಅಣ್ಣತಮ್ಮಂದಿರ ಜಗಳ ಎನ್ನುತ್ತೀರಿ. ಜಗಳ ನಿಮ್ಮದು, ಸತ್ತವರ ಆಧಾರ್‌ಗೆ ಸರ್ಕಾರ ಹಣ ಹಾಕುವುದಿಲ್ಲ. ಇನ್ನು ಕೆಲವರ ಎಫ್‌ಐಡಿ ಇದೆ, ಆದರೆ ಮೂರು ಸರ್ವೆ ನಂಬರ್‌ನಲ್ಲಿ ಒಂದನ್ನಷ್ಟೇ ಸೇರಿಸಿರುತ್ತಾರೆ. ರೈತ ಸಂಪರ್ಕ ಕೇಂದ್ರಕ್ಕೆ ಪಹಣಿ, ಆಧಾರ್ ಒಯ್ದು ಉಳಿದದ್ದನ್ನೂ ಸೇರಿಸಿ. ಸಮೀಕ್ಷೆಯಲ್ಲಿ ನಿಮ್ಮ ರಾಗಿ ಹೊಲ ಬೀಳು ಎಂದು ದಾಖಲಾಗಿದೆಯೋ ಏನೋ, ಬೆಳೆ ದರ್ಶಕ ಆ್ಯಪ್‌ನಲ್ಲಿ ನೋಡಿ. ತಪ್ಪಿದ್ದರೆ ಆಕ್ಷೇಪಣೆಯನ್ನು ಆ ಹಂಗಾಮಿನಲ್ಲೇ ಹಾಕಬೇಕು, ಪಕ್ಕದವನ ಮೊಬೈಲ್‌ಗೆ ಮೆಸೇಜ್ ಬಂದ ಮೇಲಲ್ಲ.

ಎಲ್ಲ ಸರಿಯಿದ್ದೂ ಹಣ ಕಾಣದಿದ್ದರೆ ಬ್ಯಾಂಕ್ ಖಾತೆ ನೋಡಿ. ಹೋದ ವರ್ಷ ಒಬ್ಬರು ಪಾಸ್‌ಬುಕ್ ಹಿಡಿದು ಬಂದು ನನ್ನನ್ನೇ ಬೈದರು. ಆಧಾರ್ ವೆಬ್‌ಸೈಟ್‌ನಲ್ಲಿ ಬ್ಯಾಂಕ್ ಸೀಡಿಂಗ್ (ಆಧಾರ್‌ಗೆ ಜೋಡಿಸಿದ ಬ್ಯಾಂಕ್ ಯಾವುದು ಎಂಬುದು) ತೆರೆದರೆ ಬೇರೆಯೇ ಬ್ಯಾಂಕಿನ ಹೆಸರು. ಬೆಂಗಳೂರಲ್ಲಿ ಗಾರೆ ಕೆಲಸಕ್ಕಿದ್ದಾಗ ತೆರೆದು ಮರೆತ ಖಾತೆ! ಹಣ ಅಲ್ಲಿ ಬೆಚ್ಚಗೆ ಕೂತಿತ್ತು. ಪಾಸ್‌ಬುಕ್ ಎಷ್ಟಿದ್ದರೂ ಆಧಾರ್ ಹಣ ಹೋಗುವುದು ಮ್ಯಾಪ್ ಆದ ಒಂದೇ ಖಾತೆಗೆ. ಇಷ್ಟೂ ನೋಡಿದ ಮೇಲೆ ಗ್ರಾಮ ಆಡಳಿತ ಅಧಿಕಾರಿಯ ಹತ್ತಿರ ಹೋಗಿ. ಮೊದಲೇ ಹೋಗಿ ಅವರ ತಲೆ ತಿನ್ನಬೇಡಿ.

ಪ್ರಶ್ನೆ: ಎಕರೆಗೆ 25 ಸಾವಿರವಂತೆ, ನಿಜವೇ?

ಉತ್ತರ: ವಾಟ್ಸ್‌ಆ್ಯಪ್ ಕೃಷಿಯಲ್ಲಿ ಬಂದೀತು. 2022ರಲ್ಲಿ ಕೇಂದ್ರ ಪರಿಷ್ಕರಿಸಿದ ದರ ಹೆಕ್ಟೇರಿಗೆ ಮಳೆಯಾಶ್ರಿತಕ್ಕೆ 8,500, ನೀರಾವರಿಗೆ 17,000, ಬಹುವಾರ್ಷಿಕಕ್ಕೆ 22,500 ರೂಪಾಯಿ. ಅದೂ ಎರಡು ಹೆಕ್ಟೇರ್‌ವರೆಗೆ, ಶೇ 33ಕ್ಕೆ ಕಡಿಮೆಯಿಲ್ಲದ ನಷ್ಟಕ್ಕೆ. ಹೆಕ್ಟೇರ್ ಎಂದರೆ ಸುಮಾರು ಎರಡು ಎಕರೆ 19 ಗುಂಟೆ. ಹಾಗಾಗಿ ಎಕರೆ ರಾಗಿಗೆ ಮೂರೂವರೆ ಸಾವಿರದ ಆಸುಪಾಸು. ರಾಜ್ಯ ಸರ್ಕಾರ ಮೇಲೊಂದಿಷ್ಟು ಸೇರಿಸಿದರೆ ಅದು ಆ ವರ್ಷದ ಆದೇಶದ ಮಾತು. 2023ರ ಬರದಲ್ಲಿ ಕೊನೆಯ ಕಂತು ಕಡಿಮೆ ಬಂತೆಂದು ಈಗಲೂ ಬರೆಯುತ್ತಾರೆ. ಮೊದಲು ಹಾಕಿದ್ದ ಎರಡು ಸಾವಿರವನ್ನು ಅದರಲ್ಲಿ ಕಳೆದಿದ್ದಾರೆ, ಅಷ್ಟೇ.

ಪ್ರಶ್ನೆ: 72 ಗಂಟೆಯೊಳಗೆ ದೂರು ಕೊಡಲಿಲ್ಲ, ಪರಿಹಾರ ಹೋಯಿತೇ?

ಉತ್ತರ: ಅದು ಫಸಲ್ ಬಿಮಾ ವಿಮೆಯ ನಿಯಮ. ವಿಮೆ ಬೇರೆ, ಪರಿಹಾರ ಬೇರೆ.

ಪ್ರಶ್ನೆ: ಬೇರೆಯವರ ಹೊಲವನ್ನು ಕೋರಿಗೆ (ಫಸಲಿನ ಪಾಲಿಗೆ) ಮಾಡಿದ್ದೇನೆ, ನನಗೆ ಸಿಗುತ್ತದೆಯೇ?

ಉತ್ತರ: ಪಹಣಿದಾರರಿಗೆ ಸಿಗುತ್ತದೆ. ನನಗೂ ಇದು ಸರಿ ಅನಿಸಿಲ್ಲ. ಕೋರು ಮಾತಾಡುವಾಗಲೇ ಇದನ್ನೂ ಮಾತಾಡಿ ಬರೆಸಿಕೊಳ್ಳಿ.

ಪ್ರಶ್ನೆ: ಬ್ಯಾಂಕಿನವರು ಸಾಲಕ್ಕೆ ಮುರಿದುಕೊಂಡರು.

ಉತ್ತರ: ಲಿಖಿತ ದೂರು ಕೊಡಿ, ಪ್ರತಿಯನ್ನು ತಹಶೀಲ್ದಾರರಿಗೂ ಕೊಡಿ. ಕೌಂಟರ್ ಮುಂದೆ ಕೂಗಾಡಿದ್ದಕ್ಕೆ ಸ್ವೀಕೃತಿ ಸಿಗುವುದಿಲ್ಲ.