ಪಂಪಿಂಗ್ 48 ಇರುವಾಗ ಎರಡನೇ ಮಗು?

ಪ್ರಶ್ನೆ: ನನ್ನ ತವರು ಉಡುಪಿ, ಈಗ ಸುರತ್ಕಲ್‌ನಲ್ಲಿ ಗಂಡನ ಮನೆಯಲ್ಲಿದ್ದೇನೆ. ವಯಸ್ಸು 31. ಮಗಳಿಗೆ ಒಂದೂವರೆ ವರ್ಷ. ಬಾಣಂತನದ ಮೂರನೇ ವಾರ ಮಲಗಿದರೆ ಉಸಿರು ಕಟ್ಟುತ್ತಿತ್ತು, ಕಾಲು ಬಾತಿತ್ತು. ಎಕೋ (ಹೃದಯದ ಸ್ಕ್ಯಾನ್) ಮಾಡಿದಾಗ ಹೃದಯದ ಪಂಪಿಂಗ್ 30 ಎಂದರು. ಈಗ 48 ಇದೆ, ಮಾತ್ರೆ ನಡೆಯುತ್ತಿದೆ. ಅತ್ತೆಗೆ ‘ಬಿಪಿ ಜಾಸ್ತಿಯಾಗಿತ್ತು’ ಎಂದಷ್ಟೇ ಗೊತ್ತು. ಹೆಚ್ಚು ಹೇಳುವುದು ಬೇಡ ಎಂದವರು ನನ್ನ ಗಂಡ. ಈಗ ಅತ್ತೆ ಎರಡನೇ ಮಗುವಿಗೆ ಒತ್ತಾಯಿಸುತ್ತಿದ್ದಾರೆ. ಗಂಡ ‘ಈಗ ಹುಷಾರಾಗಿದ್ದೀಯಲ್ಲ’ ಅನ್ನುತ್ತಾರೆ. ನನಗೂ ಆಸೆಯಿದೆ, ಭಯವೂ ಇದೆ.

ಉತ್ತರ: ಈಗ ಬೇಡ. ಯಾರ ಒತ್ತಾಯಕ್ಕೂ ಬೇಡ.

ನಿಮಗೆ ಬಂದದ್ದು ಪೆರಿಪಾರ್ಟಮ್ ಕಾರ್ಡಿಯೋಮಯೋಪತಿ ಇರಬೇಕು. ಬಸುರಿನ ಕೊನೆಯ ದಿನಗಳಲ್ಲಿ ಅಥವಾ ಹೆರಿಗೆಯಾದ ಕೆಲವು ತಿಂಗಳೊಳಗೆ ಹೃದಯದ ಸ್ನಾಯು ಸೋಲುವ ಕಾಯಿಲೆ ಇದು. ಬಾಣಂತಿಗೆ ಸುಸ್ತು, ಕಾಲು ಬಾವು ಎಲ್ಲ ಮಾಮೂಲು ಎಂದು ಮನೆಯವರು ಸುಮ್ಮನಾಗುತ್ತಾರೆ. ಆದರೆ ಅಂಗಾತ ಮಲಗಿದಾಗ ಉಸಿರು ಸಿಗದೆ ಎದ್ದು ಕೂರಬೇಕಾಗುವುದು ಮಾಮೂಲಲ್ಲ. ನಿಮಗೆ ಸಮಯಕ್ಕೆ ಎಕೋ ಆಯಿತು, ಅದು ದೊಡ್ಡ ಪುಣ್ಯ.

ಪಂಪಿಂಗ್ ಎಂದರೆ ಹೃದಯ ಪ್ರತಿ ಬಡಿತಕ್ಕೆ ತನ್ನಲ್ಲಿ ತುಂಬಿದ ರಕ್ತದಲ್ಲಿ ಶೇಕಡಾ ಎಷ್ಟನ್ನು ಹೊರಗೆ ತಳ್ಳುತ್ತದೆ ಎಂಬ ಅಳತೆ. ಅದು ಸಾಮಾನ್ಯವಾಗಿ 55ಕ್ಕಿಂತ ಮೇಲಿರಬೇಕು. 30ರಿಂದ 48ಕ್ಕೆ ಬಂದದ್ದು ಬಹಳ ಸಂತೋಷ. ಆದರೆ ವೈದ್ಯರು ಚೇತರಿಕೆ ಎನ್ನಲು ಕನಿಷ್ಠ 50 ನೋಡುತ್ತಾರೆ. ಈ ಕಾಯಿಲೆ ಬಂದು ಮತ್ತೆ ಬಸುರಿಯಾದ 44 ಮಹಿಳೆಯರ ಅಧ್ಯಯನವೊಂದು 2001ರಲ್ಲಿ ಪ್ರಕಟವಾಯಿತು. ಹೃದಯ ಚೇತರಿಸಿದ್ದವರಲ್ಲೂ ಶೇ. 21ರಷ್ಟು ಬಸುರುಗಳಲ್ಲಿ ತೊಂದರೆ ಮರಳಿತು, ಆದರೆ ಯಾರೂ ಸಾಯಲಿಲ್ಲ. ಪೂರ್ತಿ ಚೇತರಿಸದವರಲ್ಲಿ ಅದು ಶೇ. 44. ಅವರಲ್ಲಿ 3 ಮಂದಿ ತೀರಿಕೊಂಡರು. ನಿಮ್ಮನ್ನು ಹೆದರಿಸಲು ಇದನ್ನು ಬರೆಯುತ್ತಿಲ್ಲ. ‘ಹುಷಾರಾಗಿದ್ದೀಯಲ್ಲ’ ಎನ್ನುವವರಿಗೆ ಇದು ಗೊತ್ತಿರಬೇಕು.

ಇನ್ನೊಂದು ಮಾತು. ಹೃದಯಕ್ಕೆ ಕೊಡುವ ಎನಾಲಪ್ರಿಲ್, ರಾಮಿಪ್ರಿಲ್‌ನಂಥ ಮಾತ್ರೆಗಳು ಹೊಟ್ಟೆಯಲ್ಲಿರುವ ಮಗುವಿಗೆ ಅಪಾಯ. ಹಾಗೆಂದು ನೀವಾಗಿಯೇ ಬಿಡಬೇಡಿ, ಬಿಟ್ಟರೆ ಹೃದಯ ಮತ್ತೆ ಸೋಲಬಹುದು. ಸದ್ಯಕ್ಕೆ ಗಟ್ಟಿಯಾದ ಗರ್ಭನಿರೋಧಕ ಬೇಕು. ಕಾಪರ್-ಟಿ ಬಗ್ಗೆ ಕೇಳಿ. ಈಸ್ಟ್ರೋಜನ್ ಇರುವ ಗುಳಿಗೆ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚಿಸುವುದರಿಂದ ನಿಮಗೆ ಬೇಡ.

ಇನ್ನು ಮನೆಯ ವಿಷಯ. ನನಗೆ ನಿಜವಾದ ಕಳವಳ ಇಲ್ಲಿಯೇ. ನಿಮ್ಮ ಗಂಡ ಕೆಟ್ಟವರಲ್ಲ, ಸೊಸೆಗೆ ‘ಹಾರ್ಟ್ ಪೇಶೆಂಟ್’ ಎಂಬ ಹಣೆಪಟ್ಟಿ ಬೀಳುವುದು ಬೇಡ ಎಂದುಕೊಂಡಿರಬಹುದು. ಆದರೆ ಮುಚ್ಚಿಟ್ಟದ್ದರ ಭಾರವೆಲ್ಲ ನಿಮ್ಮೊಬ್ಬರ ತಲೆಯ ಮೇಲಿದೆ. ಮೊಮ್ಮಗು ಕೇಳುವ ಅತ್ತೆಗೆ ಸೊಸೆಯ ಜೀವದ ಪ್ರಶ್ನೆ ಎಂದು ಗೊತ್ತೇ ಇಲ್ಲ, ಪಾಪ. ಊಟಕ್ಕೆ ಕೂತಾಗ ಒಣಮೀನಿನ ಚಟ್ನಿ, ಉಪ್ಪಿನಕಾಯಿ ಬದಿಗೆ ಸರಿಸಿದರೆ ಅವರಿಗೆ ಬೇಸರವಾಗುತ್ತದೆ ಅಲ್ವಾ? ಉಪ್ಪು ಕಡಿಮೆ ಮಾಡಬೇಕಾದ ಕಾರಣ ತಿಳಿದಿದ್ದರೆ ಅವರೇ ಬೇರೆ ಸಾರು ಮಾಡಿಕೊಡುತ್ತಿದ್ದರು.

ಅದಕ್ಕಿಂತ ಮುಖ್ಯ, ಗಂಡ ಕೆಲಸಕ್ಕೆ ಹೋದ ಹೊತ್ತಿನಲ್ಲಿ ನಿಮಗೆ ಉಸಿರಾಟ ಕಷ್ಟವಾದರೆ ಮನೆಯಲ್ಲಿರುವವರು ಅತ್ತೆ. ಅವರು ಕಷಾಯ ಕೊಟ್ಟು ಸಂಜೆಯವರೆಗೆ ಕಾಯಬಾರದು. 108ಕ್ಕೆ ಫೋನ್ ಮಾಡಬೇಕು ಎಂದು ಅವರಿಗೆ ಗೊತ್ತಿರಬೇಕು.

ಅತ್ತೆಗೆ ನೀವು ಹೇಳಬೇಡಿ, ನಿಮ್ಮ ಗಂಡ ಹೇಳಲಿ. ಮಗನ ಬಾಯಿಂದ ಬಂದರೆ ಅದು ನೆಪ ಅನ್ನಿಸುವುದಿಲ್ಲ. ಅದಕ್ಕೆ ಮೊದಲು ಮುಂದಿನ ಎಕೋಗೆ ಗಂಡನನ್ನು ಹೊರಗೆ ಕೂರಿಸದೆ ವೈದ್ಯರ ಕೋಣೆಯೊಳಗೇ ಕರೆದುಕೊಂಡು ಹೋಗಿ. ‘ಎರಡನೇ ಬಸುರು ಇವಳಿಗೆ ಎಷ್ಟು ಅಪಾಯ?’ ಎಂದು ಅವರೇ ಕೇಳಲಿ.

ಪಂಪಿಂಗ್ ಪೂರ್ತಿ ಸರಿಹೋಗಿ, ಮಾತ್ರೆ ಬದಲಿಸಿದ ಮೇಲೂ ಹಾಗೇ ನಿಂತರೆ, ಆಗ ಹೃದಯ ತಜ್ಞರು ಮತ್ತು ಹೆರಿಗೆ ವೈದ್ಯರು ಇಬ್ಬರೂ ಒಟ್ಟಿಗೆ ನೋಡಿಕೊಳ್ಳುವ ದೊಡ್ಡ ಆಸ್ಪತ್ರೆಯಲ್ಲಿ ಈ ಮಾತು ಮತ್ತೆ ಎತ್ತಬಹುದು. ಆಗಲೂ ಬೇಡ ಅನ್ನಿಸಿದರೆ ಒಬ್ಬಳೇ ಮಗಳು ಸಾಕು ಎನ್ನುವ ಹಕ್ಕು ನಿಮಗಿದೆ. ಅದಕ್ಕೆ ಯಾರ ಕ್ಷಮೆಯನ್ನೂ ಕೇಳಬೇಕಾಗಿಲ್ಲ.